ಕಲ್ಲಿನಿಂದ ಹುಟ್ಟಿದ ಇಂಗ್ಲಿಷ್ ಮಾತುಗಳು

ಬೆಳ್ತಂಗಡಿಯ ನೆರೆಯ ಲಾಯಿಲದ ಗೃಹಸ್ಥರಿಗೆ ಕಲ್ಲಿನ ಪರಿಚಯವನ್ನು ಹೊಸತಾಗಿ ಮಾಡಿಕೊಡಬೇಕಾದುದಿಲ್ಲ. ಗೋಡೆಗೆ ಮುರಕಲ್ಲು, ಅಡಿಗೆಮನೆಗೆ ಕಡೆಯುವ ಕಲ್ಲು, ಸಮೀಪದಲ್ಲಿಯೇ ತಲೆಯೆತ್ತಿ ನಿಂತಿರುವ ಗಡಾಯಿಕಲ್ಲು. ಹೀಗಿದ್ದರೂ ಆ ಮನೆಗಳ ಮಕ್ಕಳು ‘ಲಿಥೋಗ್ರಫಿ’, ‘ಮೊನೊಲಿತ್’, ‘ಪೆಟ್ರೋಲಿಯಂ’ ಎಂಬ ಮಾತುಗಳನ್ನು ಅರ್ಥವರಿಯದೆ ಉರು ಹೊಡೆಯುವುದನ್ನು ಕೇಳಿದರೆ ಕನಿಕರವುಂಟಾಗುವುದು. ಈ ಮೂರರೊಳಗೂ ಅಡಗಿರುವುದು ಕಲ್ಲೇ ಅಲ್ಲವೆ?

ಪ್ರಾಚೀನ ಗ್ರೀಕರು ಕಲ್ಲನ್ನು ‘ಲಿಥೋಸ್’ ಎಂದೂ ಬಂಡೆಯನ್ನು ‘ಪೆತ್ರ’ ಎಂದೂ ಕರೆಯುತ್ತಿದ್ದರು. ಲಿಥೋಗ್ರಫಿಯೆಂದರೆ ಕಲ್ಲಿನ ಮೇಲಣ ಬರಹ. 1796ರಲ್ಲಿ ಬವೇರಿಯದ ಸೆನೆಫೆಲ್ಡರನು ಈ ವಿದ್ಯೆಯನ್ನು ಕಂಡುಹಿಡಿದನು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡುಮಸಿಯಿಂದ ಬರೆದು, ಕಲ್ಲನ್ನು ನೀರಿನಿಂದ ತೋಯಿಸಿ, ಅಚ್ಚಿನ ಮಸಿಯನ್ನು ಸವರಿದರೆ, ಮಸಿಯು ನೀರಿದ್ದೆಡೆಯನ್ನು ಬಿಟ್ಟು ಬರಹಕ್ಕೆ ಮಾತ್ರ ಹತ್ತುವುದು. ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು 1841ರಲ್ಲಿ ಇಂತಹ ಮುದ್ರಣಾಲಯವನ್ನು ತೆರೆದರು. ಮೊಗ್ಲಿಂಗರ ‘ಮಂಗಳೂರ ಸಮಾಚಾರ’ವು 1843ರ ಜುಲೈ 1ರಂದು ಹೊರಬಿದ್ದುದು ಈ ಕಲ್ಲಿನಿಂದಲೇ. ಕನ್ನಡಿಗರು ಇದಕ್ಕೆ ‘ಕಲ್ಲಚ್ಚು’ ಎಂದು ಹೆಸರಿಟ್ಟರು. ಗ್ರೀಕ್ ಮಾತಿನ ತಿರುಳೆಲ್ಲವೂ ಅದರಲ್ಲಿದೆ.

‘ಮೊನೊಸ್’ ಎಂದರೆ ಒಂದು. ಆದುದರಿಂದ ಮೊನೊಲಿತ್ ಎಂದರೆ ಏಕಶಿಲೆ. ಮಗುವಿಗೆ ಇದನ್ನು ತಿಳಿಸಬೇಕಾದರೆ, 1604ರಲ್ಲಿ ತಿಮ್ಮಣ್ಣ ಅಜಿಲನು ವೇಣೂರಿನಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟನನ್ನು ತೋರಿಸಿದರೆ ಸಾಕು. ‘ನಿಯೊಲಿಥಿಕ್’ ನಮ್ಮ ನವಶಿಲಾಯುಗ. 1817ರಲ್ಲಿ ಸ್ವೀಡನಿನ ಆರ್ಫ್‌ವೆಡ್‌ಸನನು ಖನಿಜವೊಂದರಲ್ಲಿ ಕಂಡ ಹೊಸ ಧಾತುವಿಗೆ, ಅದು ಕಲ್ಲಿನಲ್ಲಿ ದೊರೆತುದರಿಂದ, ‘ಲಿಥಿಯಂ’ ಎಂಬ ಹೆಸರಾಯಿತು. ಇಂದು ಮೊಬೈಲ್ ಫೋನಿನ ಬ್ಯಾಟರಿಯಲ್ಲಿರುವುದು ಅದೇ. ಮೂತ್ರದ ಕಲ್ಲನ್ನು ಪುಡಿಮಾಡುವ ಚಿಕಿತ್ಸೆಯು ‘ಲಿಥೋಟ್ರಿಪ್ಸಿ’. ನಮ್ಮ ವೈದ್ಯರು ಆ ರೋಗವನ್ನು ‘ಅಶ್ಮರಿ’ ಎನ್ನುವರು. ಸಂಸ್ಕೃತದಲ್ಲಿ ಅಶ್ಮವೆಂದರೂ ಕಲ್ಲೇ.

ಇನ್ನು ಪೆತ್ರ. ಅದರೊಡನೆ ಎಣ್ಣೆಯೆಂಬರ್ಥದ ಲ್ಯಾಟಿನ್ ಮಾತು ಕೂಡಿ ಪೆಟ್ರೋಲಿಯಂ, ಅಂದರೆ ಕಲ್ಲೆಣ್ಣೆ, ಆಯಿತು. ಪೀಟರ್ ಎಂಬ ಹೆಸರೂ ಈ ಮೂಲದ್ದೇ. ನಮ್ಮಲ್ಲಿ ಕಲ್ಲಪ್ಪನಿರುವಂತೆ ಅವರಲ್ಲಿ ಪೀಟರನು.

ಆದರೆ ಒಂದು ಎಚ್ಚರಿಕೆ. ಧ್ವನಿಸಾಮ್ಯವನ್ನು ಕಂಡ ಮಾತ್ರಕ್ಕೆ ಮೋಸಹೋಗಬಾರದು. ‘ಲಿಟರೇಚರ್’ ಎಂಬುದು ಅಕ್ಷರವೆಂಬ ಲ್ಯಾಟಿನ್ ಮಾತಿನಿಂದಲೂ, ‘ಪೇಟ್ರಿಯಟ್’ ಎಂಬುದು ತಂದೆಯೆಂಬ ಗ್ರೀಕ್ ಮಾತಿನಿಂದಲೂ ಬಂದುವು, ಅವುಗಳಲ್ಲಿ ಕಲ್ಲಿಲ್ಲ.

ಮಗುವು ಪಾಠವನ್ನೋದುತ್ತಿರುವಾಗ ತಾಯಿತಂದೆಗಳು ಇಂತಹ ಎರಡು ಬೇರುಗಳನ್ನು ತೋರಿಸಿಕೊಟ್ಟರೆ ಹತ್ತಾರು ಮಾತುಗಳನ್ನು ಬಾಯಿಪಾಠ ಮಾಡುವ ಶ್ರಮವು ತಪ್ಪುವುದು. ಅದಕ್ಕಿಂತ ಹೆಚ್ಚಿನ ಲಾಭ ಇನ್ನೊಂದುಂಟು: ಪರಭಾಷೆಯ ದೊಡ್ಡ ಮಾತಿನ ಭಯವು ಹೋಗಿ, ಅದರೊಳಗಿನ ವಸ್ತು ತನ್ನ ಮನೆಯಂಗಳದಲ್ಲಿಯೇ ಇದೆಯೆಂಬ ಧೈರ್ಯವು ಮಗುವಿನಲ್ಲಿ ನೆಲೆಗೊಳ್ಳುವುದು.