‘ಕೊನೆಯ ಮೆರವಣಿಗೆ’ಯ ಹಾಡು: ಬಾಸ್ಟನ್ ತಂಡದ ಅಂತಿಮ ಆಲ್ಬಂ

ಊರಹಬ್ಬದ ತಮಟೆಯ ಸದ್ದಿಗೆ ಕಾಲು ತಾನಾಗಿಯೇ ಕುಣಿಯುವುದು ಮದ್ದೂರು ತಾಲ್ಲೂಕಿನ ಆತಗೂರಿನವರಿಗೆ ಹೊಸ ಅನುಭವವೇನಲ್ಲ. ಅಂತಹುದೇ ಕುಣಿತದ ಸಂಗೀತವನ್ನು ದಶಕಗಳ ಕಾಲ ನುಡಿಸಿದ ಅಮೆರಿಕದ ಬಾಸ್ಟನ್ ನಗರದ ‘ಮೈಟಿ ಮೈಟಿ ಬಾಸ್‌ಟೋನ್ಸ್’ ತಂಡವು 2022ರ ಜನವರಿಯಲ್ಲಿ ವಿಸರ್ಜನೆಗೊಂಡಿತು. 2021ರ ಮೇ 7ರಂದು ಬಿಡುಗಡೆಯಾಗಿದ್ದ ‘ವೆನ್ ಗಾಡ್ ವಾಸ್ ಗ್ರೇಟ್’ ಅದರ ಹನ್ನೊಂದನೆಯ ಹಾಗೂ ಕೊನೆಯ ಸ್ಟುಡಿಯೊ ಆಲ್ಬಂ ಆಗಿ ಉಳಿಯಿತು.

ಏನಿದು ಸ್ಕಾ ಪಂಕ್?

ಸ್ಕಾ ಸಂಗೀತದ ತವರು ಜಮೈಕಾ. ಮಂಡ್ಯದಂತೆಯೇ ಅದೂ ಕಬ್ಬಿನ ನಾಡು. ಅಲ್ಲಿನ ತೋಟಗಳಿಗೆ ಭಾರತದ ಒಪ್ಪಂದದ ಕೂಲಿಗಳನ್ನು ಹೊತ್ತ ಮೊದಲ ಹಡಗು 1845ರಲ್ಲಿ ತಲುಪಿತ್ತು. 1950ರ ದಶಕದ ಕೊನೆಯಲ್ಲಿ ಹುಟ್ಟಿದ ಸ್ಕಾ, 1962ರ ಆಗಸ್ಟ್ 6ರಂದು ದೇಶ ಸ್ವತಂತ್ರವಾದಾಗ ಸಂಭ್ರಮದ ಸಂಗೀತವಾಗಿತ್ತು. ಇದರ ಗುಟ್ಟು ಲಯದಲ್ಲಿದೆ. ಗಿಟಾರ್ ಪೆಟ್ಟಿನ ಮೇಲೆ ನುಡಿಯದೆ, ಎರಡು ಪೆಟ್ಟುಗಳ ನಡುವಣ ಅರ್ಧದಲ್ಲಿ ನುಡಿಯುತ್ತದೆ. ಕೇಳುವವರ ಮೈ ಮೇಲೇಳುವುದು ಆ ಎಡೆಯಲ್ಲಿಯೇ. ಜೊತೆಗೆ ಸ್ಯಾಕ್ಸೊಫೋನ್, ಟ್ರೊಂಬೋನ್‌ಗಳ ಮೊಳಗು.

ವಲಸಿಗರೊಡನೆ ಇಂಗ್ಲೆಂಡಿಗೆ ಸಾಗಿದ ಈ ಸಂಗೀತವನ್ನು 1979ರಲ್ಲಿ ಕೊವೆಂಟ್ರಿಯ ‘ಟೂ ಟೋನ್’ ಸಂಸ್ಥೆಯ ತಂಡಗಳು ಮತ್ತೆ ಬೆಳಗಿಸಿದವು. ಕರಿಯರೂ ಬಿಳಿಯರೂ ಒಂದೇ ವೇದಿಕೆಯಲ್ಲಿ ನುಡಿಸಿದ್ದು ಅದರ ಹೆಗ್ಗಳಿಕೆ. ಅದಕ್ಕೆ ಪಂಕ್ ರಾಕ್‌ನ ಬಿರುಸು ಬೆರೆತಾಗ ಸ್ಕಾ ಪಂಕ್ ರೂಪುಗೊಂಡಿತು.

ಗಾಯಕ ಡಿಕಿ ಬ್ಯಾರೆಟ್ ನೇತೃತ್ವದ ಬಾಸ್ಟನ್ ತಂಡವು 1983ರಲ್ಲಿ ಆರಂಭವಾಯಿತು. ವೇದಿಕೆಯಲ್ಲಿ ಕುಣಿಯುವುದಕ್ಕೆಂದೇ ಬೆನ್ ಕಾರ್ ಎಂಬ ಸದಸ್ಯರಿದ್ದುದು ವಿಶೇಷ. 1997ರ ‘ಲೆಟ್ಸ್ ಫೇಸ್ ಇಟ್’ ಆಲ್ಬಂ ತಂಡಕ್ಕೆ ದೊಡ್ಡ ಜನಪ್ರಿಯತೆಯನ್ನು ತಂದುಕೊಟ್ಟಿತು.

ಎಲ್ಲರನ್ನೂ ಕರೆದ ಹಾಡು

‘ರ‍್ಯಾನ್ಸಿಡ್’ ತಂಡದ ಟಿಮ್ ಆರ್ಮ್‌ಸ್ಟ್ರಾಂಗ್ ಮತ್ತು ಟೆಡ್ ಹಟ್ ನಿರ್ಮಿಸಿದ ಅಂತಿಮ ಆಲ್ಬಂನ ಮುಖ್ಯ ಕೃತಿ ‘ದಿ ಫೈನಲ್ ಪೆರೇಡ್’, ಅಂದರೆ ಕೊನೆಯ ಮೆರವಣಿಗೆ. ಸುಮಾರು ಎಂಟು ನಿಮಿಷಗಳ ಈ ಹಾಡಿನಲ್ಲಿ ಫಿಶ್‌ಬೋನ್, ಲೆಸ್ ದ್ಯಾನ್ ಜೇಕ್, ಇಂಟರಪ್ಟರ್ಸ್ ಮುಂತಾದ ತಂಡಗಳ ಕಲಾವಿದರು ದನಿಗೂಡಿಸಿದ್ದಾರೆ. ಕೊರೊನಾ ಕಾಲದಲ್ಲಿ ವೇದಿಕೆಗಳೆಲ್ಲ ಮುಚ್ಚಿದ್ದಾಗ, ಒಂದೆಡೆ ಸೇರಲಾಗದ ಬಳಗವೊಂದು ಹಾಡಿನೊಳಗೆ ಸೇರಿತು. ತಂಡವು ಬೇರ್ಪಟ್ಟಾಗ ಕಾರಣವನ್ನು ಪ್ರಕಟಿಸಲಿಲ್ಲ. ಆದರೆ ಆ ಬಳಗದ ದನಿ ಮುದ್ರಿಕೆಯಲ್ಲಿ ಉಳಿದಿದೆ.

ಹಲವರು ಕೂಡಿ ನುಡಿಸುವ ಸಂಗೀತವನ್ನು ಒಬ್ಬರು ಉಳಿಸಲಾರರು. ಮೇಳ ಚದುರಿದರೆ ಅದರ ಲಯವೂ ಚದುರುತ್ತದೆ. ಮಂಡ್ಯ ಜಿಲ್ಲೆಯವರೇ ಆದ ಎಚ್.ಎಲ್. ನಾಗೇಗೌಡರು ಇದನ್ನು ಅರಿತು ಹಳ್ಳಿಗಳ ಹಾಡುಗಾರರ ದನಿಗಳನ್ನು ಮುದ್ರಿಸಿದರು, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಬಾಸ್ಟನ್ ತಂಡಕ್ಕೆ ಸ್ಟುಡಿಯೊ ಇತ್ತು, ಕಂಪನಿಯಿತ್ತು. ನಮ್ಮ ಊರುಗಳ ತಮಟೆಯ ಮೇಳಗಳಿಗೆ ಅವು ತಾವಾಗಿ ಒದಗುವುದಿಲ್ಲ. ಹಿರಿಯರ ಕೈ ಸೋಲುವ ಮುನ್ನವೇ ಅವರ ಲಯವನ್ನು ದಾಖಲಿಸಿಕೊಳ್ಳುವುದು ಊರಿನದೇ ಹೊಣೆ.