ಹೋಟೆಲಿನ ತಿಂಡಿ ಏಕೆ ಅಷ್ಟು ರುಚಿ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗಿಲ್ಲದ ಅಡುಗೆಯೆಂಬುದಿಲ್ಲ. ಸಾರಿಗೂ ಪಲ್ಯಕ್ಕೂ ಚಟ್ನಿಗೂ ಕಾಯಿ ಬೇಕೇ ಬೇಕು. ಬಲಿತ ಕಾಯಿಗಳನ್ನು ಸುಮಾರು 8ರಿಂದ 12 ತಿಂಗಳ ಕಾಲ ಅಟ್ಟದಲ್ಲಿರಿಸಿ, ಒಳಗಿನ ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾದ ಮೇಲೆ ಸುಲಿದು, ಒಡೆದು, ಚೀಲಕ್ಕೆ ತುಂಬಿ ತಿಪಟೂರಿನ ಮಾರುಕಟ್ಟೆಗೆ ತರುತ್ತಾರೆ. ಬೆಲೆ ಏನಾಗುವುದೋ ಎಂದು ಕಾದು ದಣಿದ ರೈತ, ಊರಿಗೆ ಹಿಂದಿರುಗುವ ಮುನ್ನ ಮಗನನ್ನು ಕರೆದುಕೊಂಡು ಹೋಟೆಲಿಗೆ ಹೋಗಿ ಎರಡು ಮಸಾಲೆ ದೋಸೆ ಹೇಳುತ್ತಾನೆ. ತಟ್ಟೆಯಲ್ಲಿರುವ ಚಟ್ನಿಯ ಕಾಯಿ ಅವನ ತೋಟದ್ದೇ ಇದ್ದೀತು. ಮನೆಯಲ್ಲಿ ನಿತ್ಯವೂ ತಿನ್ನುವ ಆ ಚಟ್ನಿಯನ್ನೇ ಇಲ್ಲಿ ಮತ್ತೊಮ್ಮೆ ಹಾಕಿಸಿಕೊಂಡು ತಿನ್ನುತ್ತಾನೆ. ಇದೇಕೆ ಹೀಗೆ?

ರುಚಿಯ ಕಾರಣವೇನೋ ಇದ್ದೇ ಇದೆ. ಹೋಟೆಲಿನ ದಪ್ಪ ಕಾವಲಿ ಬೆಳಗಿನಿಂದ ಕಾದೇ ಇರುತ್ತದೆ. ದೋಸೆಯ ಮೇಲೆ ದೋಸೆ ಎರೆದರೂ ಅದರ ಕಾವು ಬೇಗ ಇಳಿಯದು. ಮನೆಯ ಒಲೆಯ ಮೇಲಿನ ತೆಳು ಕಾವಲಿಗೆ ಆ ಶಕ್ತಿಯಿಲ್ಲ. ತುಮಕೂರಿನ ಬಳಿಯ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹೆಸರು ಕೇಳದವರು ಈ ಭಾಗದಲ್ಲಿ ವಿರಳ. ಹಬೆಯಿಂದ ಇಳಿದ ತಟ್ಟೆ ನೇರವಾಗಿ ನಮ್ಮ ಮುಂದೆ ಬರುವುದರಲ್ಲಿಯೇ ಅದರ ಅರ್ಧ ಸೊಗಸು ಅಡಗಿದೆ. ಇನ್ನು ಮನೆಯಲ್ಲಿ ಎಲ್ಲರಿಗೂ ಒಂದೇ ಅಡುಗೆ. ಹೋಟೆಲಿನಲ್ಲಿ ಅವರವರ ಇಷ್ಟ ಅವರವರಿಗೆ. ಆರು ವರ್ಷದ ಮಗುವೂ ದೊಡ್ಡವರಂತೆ ಕುಳಿತು "ನನಗೆ ಪೂರಿ" ಎಂದು ಹೇಳಬಹುದು.

ಆದರೆ ಈ ಸಂತೋಷದ ಮೂಲ ನಾಲಗೆಯಲ್ಲಿ ಮಾತ್ರವಿಲ್ಲ ಎಂಬುದು ನಮ್ಮ ಅನುಭವ. ಒಮ್ಮೆ ಬಂಧುಗಳ ಮನೆಯ ಮದುವೆಗೆಂದು ಹೊರಟವರು, ಚಿಕ್ಕನಾಯಕನಹಳ್ಳಿ–ತುರುವೇಕೆರೆ ರಸ್ತೆಯು ತಿಪಟೂರಿನ ಹೆದ್ದಾರಿಯನ್ನು ಸಂಧಿಸುವ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದು, ಒಂದು ಸಣ್ಣ ಹೋಟೆಲಿನಲ್ಲಿ ತಿಂಡಿಗೆ ಕುಳಿತೆವು. ತಾಯಿಯವರ ಮುಂದೆ ಮೊದಲ ತಟ್ಟೆ ಬಂದಾಗ ಅಭ್ಯಾಸಬಲದಿಂದ ಅದನ್ನು ನಮ್ಮತ್ತ ತಳ್ಳಿದರು. ಬಡಿಸುವಾತ ನಕ್ಕು, "ಅದು ನಿಮ್ಮದೇ ಅಮ್ಮಾ, ಅವರಿಗೂ ತರ್ತೀನಿ" ಎಂದ. ಕೈ ತೊಳೆದು ಹೊರಬಂದ ಮೇಲೆ ಅವರು ಹೇಳಿದ ಮಾತು ಇಂದಿಗೂ ಮರೆತಿಲ್ಲ: "ಇವತ್ತು ನಾನೂ ನಿಮ್ಮ ಜೊತೆಯಲ್ಲೇ ಬಿಸಿಬಿಸಿ ತಿಂದೆ ಕಣಪ್ಪಾ."

ಆ ಮಾತಿನಲ್ಲಿ ದೂರು ಇರಲಿಲ್ಲ. ಆದ್ದರಿಂದಲೇ ಅದು ನಮ್ಮನ್ನು ಹೆಚ್ಚು ನೋಯಿಸಿತು. ಅಷ್ಟು ವರ್ಷ ಅವರು ನಮಗೆಲ್ಲ ದೋಸೆ ಹುಯ್ದು ಹಾಕಿ, ಕಡೆಯಲ್ಲಿ ಉಳಿದ ಹಿಟ್ಟಿನ ದೋಸೆಯನ್ನು ಒಲೆಯ ಬಳಿ ಒಬ್ಬರೇ ಕುಳಿತು ತಿಂದಿದ್ದರು. ನಾವದನ್ನು ಗಮನಿಸಿರಲಿಲ್ಲ. ಅಡುಗೆ ಮಾಡುವವರೂ ಉಣ್ಣುವವರೊಡನೆ ಕೂರುವುದು, ಎಲ್ಲರ ಮುಖವೂ ಎಲ್ಲರಿಗೂ ಕಾಣುವುದು, ಇದೇ ಹೋಟೆಲಿನ ಊಟದ ನಿಜವಾದ ರುಚಿ.

ಪಕ್ಕದ ಬೆಂಚಿನಲ್ಲಿ ಯಾರು ಬೇಕಾದರೂ ಕುಳಿತಿರಬಹುದೆಂಬುದೂ ಅದರದೊಂದು ಹಿರಿಮೆ. ಇದು ಮೊದಲಿನಿಂದ ಇದ್ದ ಭಾಗ್ಯವಲ್ಲ. ಒಂದು ಕಾಲದಲ್ಲಿ ನಮ್ಮ ನಾಡಿನ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವಿತ್ತು. ದಲಿತರಿಗೆ ಒಳಗೆ ಪ್ರವೇಶವೇ ಇರಲಿಲ್ಲ, ಇಲ್ಲವೇ ಹೊರಗೆ ಬೇರೆ ಲೋಟ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಜಾತಿ, ಮತಗಳ ಕಾರಣದಿಂದ ಯಾರನ್ನೂ ಸಾರ್ವಜನಿಕ ಹೋಟೆಲಿನಿಂದ ತಡೆಯುವಂತಿಲ್ಲವೆಂದು ಸಾರಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅಂತಹ ತಡೆಗೆ ಶಿಕ್ಷೆಯನ್ನು ವಿಧಿಸಿತು. ನಮಗೆ ವಿರಾಮದ ಸುಖವೆನಿಸುವುದು ಎಷ್ಟೋ ಜನರಿಗೆ ತಡವಾಗಿ ದೊರೆತ ಹಕ್ಕು. ದಕ್ಷಿಣ ಭಾರತದ ಕೆಲವು ದೇವಾಲಯಗಳಲ್ಲಿ ಕ್ರೈಸ್ತರೂ ಜಾತಿಯಂತೆ ಬೇರೆ ಬೇರೆ ಕುಳಿತ ಚರಿತ್ರೆಯನ್ನು ನೆನೆದರೆ, ಈ ವಿಷಯದಲ್ಲಿ ನಾವು ಇತರರತ್ತ ಬೆರಳು ತೋರುವಂತಿಲ್ಲ.

ನಾವು ಕುಳಿತು ಉಣ್ಣುವಾಗ ಯಾರೋ ನಿಂತು ಬಡಿಸುತ್ತಿರುತ್ತಾರೆ, ಯಾರೋ ಎಂಜಲು ತಟ್ಟೆ ತೆಗೆಯುತ್ತಿರುತ್ತಾರೆ. ಹಿಂದೆ ಆ ಕೆಲಸ ಬಹುಮಟ್ಟಿಗೆ ಬಾಲಕರದಾಗಿತ್ತು. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಿಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ. ಮೇಜು ಒರೆಸುವ ಕೈ ಎಳೆಯದೆಂದು ಕಂಡಲ್ಲಿ ಕಣ್ಣು ಮುಚ್ಚಿ ಕಾಫಿ ಕುಡಿದು ಬರುವುದು ಸಲ್ಲದು. ದೊಡ್ಡವರೇ ಬಡಿಸುತ್ತಿದ್ದರೂ ಅವರನ್ನು ಏಕವಚನದಲ್ಲಿ ಗದರುವುದು ನಮ್ಮ ಮಕ್ಕಳಿಗೆ ಕಲಿಸಬೇಕಾದ ಪಾಠವಲ್ಲ.

ಯೊವಾನ್ನನ ಶುಭಸಂದೇಶದ 21ನೆಯ ಅಧ್ಯಾಯದಲ್ಲಿ ಒಂದು ದೃಶ್ಯವಿದೆ. ರಾತ್ರಿಯಿಡೀ ಬಲೆ ಬೀಸಿ ದಣಿದ ಶಿಷ್ಯರು ದಡಕ್ಕೆ ಬಂದಾಗ ಕೆಂಡದ ಮೇಲೆ ಮೀನು ಬೇಯುತ್ತಿದೆ, ರೊಟ್ಟಿ ಸಿದ್ಧವಾಗಿದೆ. ಪುನರುತ್ಥಾನರಾದ ಯೇಸುಸ್ವಾಮಿ ಅವರನ್ನು ಊಟಕ್ಕೆ ಕರೆದು ತಾವೇ ಬಡಿಸುತ್ತಾರೆ. ದಣಿದು ಬಂದವರಿಗೆ ಇನ್ನೊಬ್ಬರು ಮಾಡಿಟ್ಟ ಬಿಸಿ ಊಟಕ್ಕಿಂತ ದೊಡ್ಡ ಸಾಂತ್ವನ ಯಾವುದಿದೆ?

ಪ್ರತಿ ವಾರ ಹೋಟೆಲಿಗೆ ಹೋಗುವ ಅನುಕೂಲ ಎಲ್ಲ ಕುಟುಂಬಗಳಿಗೂ ಇಲ್ಲ. ಕೊಬ್ಬರಿಯ ಬೆಲೆ ಕುಸಿದ ವರ್ಷ ನಮ್ಮ ರೈತರಿಗಂತೂ ಅದು ದೂರದ ಮಾತು. ಆದರೆ ಹೋಟೆಲಿನ ಆ ಸಂತೋಷವನ್ನು ಮನೆಗೆ ತರಲು ಹಣ ಬೇಕಿಲ್ಲ. ಮುಂದಿನ ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ಅಪ್ಪ ಕಾವಲಿಯ ಮುಂದೆ ನಿಲ್ಲಲಿ, ಮಕ್ಕಳು ಕಾಯಿ ತುರಿದು ಚಟ್ನಿ ರುಬ್ಬಲಿ. ಮೊದಲ ದೋಸೆ ಹರಿದರೂ ಚಿಂತೆಯಿಲ್ಲ. ಎರಡನೆಯದು ಸರಿಯಾಗಿ ಬಂದೊಡನೆ, ಬಿಸಿಯಾಗಿರುವಾಗಲೇ, ಅದು ಅಮ್ಮನ ತಟ್ಟೆಗೆ ಬೀಳಲಿ.