ಪರದೇಶದಲ್ಲಿ ಒಬ್ಬರೇ ಇರುವಾಗ

ಲಂಡನ್ನಿನಲ್ಲಿ ಎಂಟು ತಿಂಗಳು ಕೆಲಸ ಮುಗಿಸಿ ಬಂದ ಐವತ್ತೆರಡರ ಹರೆಯದ ಎಂಜಿನಿಯರೊಬ್ಬರು ಪತ್ನಿಯೊಡನೆ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ‘ಬಂದಾಗಿನಿಂದ ಸುಸ್ತು ಅಂತಾರೆ ಡಾಕ್ಟ್ರೇ’ ಎಂದರು ಆಕೆ. ರಕ್ತದೊತ್ತಡ ನೋಡಿದರೆ 190/110! ಎಂಟು ವರ್ಷಗಳಿಂದ ಹತೋಟಿಯಲ್ಲಿದ್ದ ಒತ್ತಡ ಏಕೆ ಏರಿತು?

ವಿಚಾರಿಸಿದಾಗ ಗುಟ್ಟು ಹೊರಬಿತ್ತು. ಒಯ್ದಿದ್ದ ಮಾತ್ರೆ ಮೂರೇ ತಿಂಗಳಿಗೆ ಮುಗಿದಿತ್ತು. ‘ತಲೆನೋವಿಲ್ಲ, ತಲೆಸುತ್ತಿಲ್ಲ, ಊರಿಗೆ ಹೋದ ಮೇಲೆ ನೋಡೋಣ’ ಎಂದು ಸುಮ್ಮನಿದ್ದರಂತೆ. ಪತ್ನಿ ಫೋನಿನಲ್ಲಿ ‘ಮಾತ್ರೆ ತಗೊಂಡ್ರಾ?’ ಎಂದರೆ ‘ಹೂಂ’ ಎನ್ನುತ್ತಿದ್ದರು! ಪುಣ್ಯಕ್ಕೆ ಪಾರ್ಶ್ವವಾಯು ಬಡಿಯಲಿಲ್ಲ. ಅಧಿಕ ರಕ್ತದೊತ್ತಡ ಬಹುತೇಕ ಯಾವ ಸೂಚನೆಯನ್ನೂ ಕೊಡುವುದಿಲ್ಲ ಎಂಬುದನ್ನು ಮರೆಯಬಾರದು.

ವಿದೇಶಕ್ಕೆ ಒಬ್ಬರೇ ಹೊರಡುವವರು ಉಪ್ಪಿನಕಾಯಿ, ಚಟ್ನಿಪುಡಿಗಳ ಜೊತೆ ವೈದ್ಯರ ಚೀಟಿಯನ್ನೂ ಕಟ್ಟಿಕೊಳ್ಳಬೇಕು. ಅದರಲ್ಲಿ ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು (ಉದಾಹರಣೆಗೆ ಆಮ್ಲೋಡಿಪಿನ್) ಮತ್ತು ಪ್ರಮಾಣ ಇರಲಿ. ನಮ್ಮ ಬ್ರಾಂಡುಗಳು ಅಲ್ಲಿ ಸಿಗದಿರಬಹುದು. ಮಾತ್ರೆ, ಇನ್ಸುಲಿನ್‌ಗಳನ್ನು ಕೈಚೀಲದಲ್ಲೇ ಒಯ್ಯಿರಿ. ವಿಮಾನದ ಸರಕು ಭಾಗದಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು.

ಇಂಗ್ಲೆಂಡಿನಲ್ಲಿ ನಮ್ಮಲ್ಲಿಯಂತೆ ಔಷಧಿ ಅಂಗಡಿಯಲ್ಲಿ ಕೇಳಿದೊಡನೆ ಬಿ.ಪಿ. ಮಾತ್ರೆ ಕೊಡುವುದಿಲ್ಲ; ವೈದ್ಯರ ಚೀಟಿ ಬೇಕು. ಮನೆಯ ಸಮೀಪದ ಜಿ.ಪಿ., ಅಂದರೆ ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸುವುದು ಉಚಿತ. ಕಾಯಿಲೆ ಬಂದ ಮೇಲಲ್ಲ, ಹೋದ ಮೊದಲ ವಾರದಲ್ಲೇ ಈ ಕೆಲಸ ಮುಗಿಸಿ. ತುರ್ತಿಗೆ 999, ಇತರ ಸಲಹೆಗೆ 111, ಈ ಎರಡು ಸಂಖ್ಯೆಗಳು ನೆನಪಿರಲಿ.

ಇನ್ನು ಚಳಿಗಾಲ. ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯ ಬೆಳಿಗ್ಗೆ ಎಂಟರ ಸುಮಾರಿಗೆ ಹುಟ್ಟಿ ಸಂಜೆ ನಾಲ್ಕರೊಳಗೆ ಮುಳುಗುತ್ತಾನೆ. ಬಿಸಿಲು ಸಾಲದೆ ‘ಡಿ’ ವಿಟಮಿನ್ ಕೊರತೆಯಾಗಬಹುದು. ಕಪ್ಪು ಮೈಬಣ್ಣದವರು ದಿನಕ್ಕೆ 10 ಮೈಕ್ರೊಗ್ರಾಂ ಪೂರಕವನ್ನು ವರ್ಷವಿಡೀ ತೆಗೆದುಕೊಳ್ಳುವುದನ್ನು ಪರಿಗಣಿಸಬೇಕೆಂಬುದು ಅಲ್ಲಿಯ ಆರೋಗ್ಯ ಸೇವೆಯ ಸಲಹೆ.

ಒಬ್ಬರೇ ಇದ್ದಾಗ ಅಡುಗೆಗೂ ಬೇಸರ. ನಮ್ಮ ಎಂಜಿನಿಯರ್ ರಾತ್ರಿಯೆಲ್ಲ ಬ್ರೆಡ್ಡು, ಚಿಪ್ಸು, ಸಿದ್ಧ ಆಹಾರದಲ್ಲೇ ಕಳೆದರು. ಅವುಗಳಲ್ಲಿನ ಉಪ್ಪೂ ಒತ್ತಡ ಏರಿಸಲು ನೆರವಾಯಿತು. ಒಂದು ಚಿಕ್ಕ ಕುಕ್ಕರಿದ್ದರೆ ಅನ್ನ, ತೊವ್ವೆಗೆ ಅರ್ಧ ಗಂಟೆ ಸಾಕು.

ಒಂಟಿತನವೂ ಕಡಿಮೆ ಶತ್ರುವಲ್ಲ. ರಜೆಯ ದಿನ ಕೋಣೆಯಲ್ಲೇ ಮುದುಡಿ ಮಲಗಬೇಡಿ. ಹಗಲ ಬೆಳಕಿನಲ್ಲಿ ನಡೆಯಿರಿ. ಥೇಮ್ಸ್ ನದಿಯ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಅಲ್ಲಿಯವರೆಗೆ ನಡೆದು ಬಂದರೆ ಕಾಲಿಗೂ ವ್ಯಾಯಾಮ, ಮನಸ್ಸಿಗೂ ಹಿತ. ಆದರೆ ಎರಡು ವಾರ ಕಳೆದರೂ ನಿದ್ದೆಯಿಲ್ಲ, ಹಸಿವಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ ಎಂದಾದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ.

ಮಾತ್ರೆ ಮತ್ತೆ ಆರಂಭಿಸಿದ ಮೇಲೆ ಆ ಎಂಜಿನಿಯರರ ರಕ್ತದೊತ್ತಡ ಕೆಲವು ವಾರಗಳಲ್ಲಿ ಹತೋಟಿಗೆ ಬಂತು. ಮನೆಯಲ್ಲಿರುವವರಿಗೆ ನನ್ನದೊಂದು ಕಿವಿಮಾತು: ‘ಆರಾಮಾಗಿದ್ದೀರಾ?’ ಎಂದು ಕೇಳಿದರೆ ದೂರದಲ್ಲಿರುವವರು ‘ಹೂಂ’ ಎಂದೇ ಹೇಳುತ್ತಾರೆ. ಅದರ ಬದಲು ‘ಇನ್ನೆಷ್ಟು ಮಾತ್ರೆ ಉಳಿದಿದೆ? ಇವತ್ತು ಏನು ಅಡುಗೆ ಮಾಡಿದಿರಿ?’ ಎಂದು ಕೇಳಿ. ಆಗ ನಿಜ ತಿಳಿದೀತು.